ಮಗುವಿನ ಊಟ: ಹಳ್ಳಿ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಮುಖ್ಯವಾಗಿ ಮನೆಮನೆಗೆ ಹೋಗಿ ಮಗುವಿನ ಊಟದ ಬಗ್ಗೆ ಹೇಳಿಕೊಡುವವರಿಗೆ. ಆಶಾ ಇರಬಹುದು, ಅಂಗನವಾಡಿ ಟೀಚರ್ ಇರಬಹುದು, ಸ್ವಸಹಾಯ ಸಂಘದವರು ಇರಬಹುದು. ಮೊದಲ ಮಗು ಎತ್ತಿಕೊಂಡು ಕೂತಿರುವ ತಾಯಿಯೂ ಧಾರಾಳವಾಗಿ ಓದಬಹುದು. ತುಮಕೂರು ಜಿಲ್ಲೆಯ ಮಳೆ ಕಮ್ಮಿ ಇರುವ ತಾಲ್ಲೂಕುಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಹಾಗಾಗಿ ರಾಗಿ, ಕಡಲೆಕಾಯಿ ಮತ್ತೆ ಮತ್ತೆ ಬರುತ್ತವೆ. ಬೇರೆ ಸೀಮೆಯವರು ನಿಮ್ಮ ಮನೆಯ ಜೋಳ, ನುಚ್ಚು, ಕುಚ್ಚಲಕ್ಕಿ ಸೇರಿಸಿಕೊಂಡು ಓದಿ.

ಮನೆಯಲ್ಲಿ ಯಾರಿಗೆ ಹೇಳಬೇಕು?

ಮೊದಲು ಅತ್ತೆಗೆ. ಶುರುವಿನ ವರ್ಷಗಳಲ್ಲಿ ನಾನು ಸೊಸೆಯಂದಿರನ್ನಷ್ಟೇ ಕೂರಿಸಿಕೊಂಡು ಚಿತ್ರಪಟ ತೋರಿಸುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಮನೆಗೆ ಹೋದರೆ ಸೌಟು ಅತ್ತೆ ಕೈಯಲ್ಲಿ, ಸಂತೆ ದುಡ್ಡು ಗಂಡನ ಜೇಬಲ್ಲಿ. ಆ ಹುಡುಗಿ ತಾನೇ ಏನು ಮಾಡಿಯಾಳು? ಈಗ ಸಭೆ ಅಂತ ಕರೆಯುವುದೇ ಕಮ್ಮಿ ಮಾಡಿದ್ದೇನೆ. ಹೊಲದಿಂದ ಎಲ್ಲರೂ ಬಂದ ಹೊತ್ತಿಗೆ ಮನೆಗೇ ಹೋಗಿ ಅಡುಗೆಮನೆ ಬಾಗಿಲಲ್ಲಿ ಕೂರುತ್ತೇನೆ.

ಹೋದ ಕೂಡಲೇ ತಪ್ಪು ಹುಡುಕಬೇಡಿ. "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೂ ಮಗು ಏನೇನು ತಿಂತು?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಅವರು ಮಾಡುತ್ತಿರುವುದರಲ್ಲಿ ಸರಿಯಾದದ್ದು ಒಂದಾದರೂ ಇರುತ್ತದೆ. ಅದನ್ನು ಮೊದಲು ಹೇಳಿ. ಬದಲಾಯಿಸಬೇಕಾದದ್ದು ಒಂದೇ ಒಂದು ಹೇಳಿ ಎದ್ದು ಬನ್ನಿ. ಐದು ಹೇಳಿದರೆ ಒಂದೂ ಉಳಿಯುವುದಿಲ್ಲ.

ಮೊದಲ ದಿನದ ಹಳದಿ ಹಾಲು ಕೆಟ್ಟ ಹಾಲು ಅಲ್ವಾ? ಹಿಂಡಿ ಚೆಲ್ಲಬೇಕು ಅಂತಾರೆ.

ಇದಕ್ಕೆ ದನದ ಕೊಟ್ಟಿಗೆಯಲ್ಲೇ ಉತ್ತರ ಇದೆ. ಹಸು ಈದಾಗ ಕರುವಿಗೆ ಗಿಣ್ಣು ಕುಡಿಸದೆ ಯಾರಾದರೂ ಬಿಡುತ್ತಾರಾ? ಗಿಣ್ಣು ಸಿಗದ ಕರು ಬಡವಾಗುತ್ತದೆ, ಬೇಗ ಕಾಯಿಲೆ ಬೀಳುತ್ತದೆ ಅಂತ ನಮ್ಮ ಅಜ್ಜಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು. "ಕರುವಿಗೊಂದು ನ್ಯಾಯ, ಕೂಸಿಗೊಂದು ನ್ಯಾಯಾನಾ ಅಜ್ಜಿ?" ಅಂದರೆ ನಗುತ್ತಾರೆ. ಆಮೇಲೆ ಜಾಸ್ತಿ ಭಾಷಣ ಬೇಕಾಗುವುದಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಸಿಸೇರಿಯನ್ ಆಗಿದ್ದರೂ ನರ್ಸ್ ಸಹಾಯದಿಂದ ಆದಷ್ಟು ಬೇಗ ಹಾಕಬಹುದು. ಆ ಹಾಲು ಬರುವುದೇ ಕೆಲವು ಹನಿ. ಅಷ್ಟೇ ಸಾಕು, ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಹೆಚ್ಚುಕಮ್ಮಿ ಒಂದು ಚಮಚ. ಮೂರನೇ, ನಾಲ್ಕನೇ ದಿನಕ್ಕೆ ಹಾಲು ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ "ಹಾಲೇ ಬಂದಿಲ್ಲ" ಅಂತ ಗಾಬರಿಯಾಗಿ ಡಬ್ಬಿ ಹಾಲಿಗೆ ಓಡುವುದು ಬೇಡ. ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಬರದಿದ್ದರೆ ತೋರಿಸಿ.

ಜೇನು ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು ತಲತಲಾಂತರದಿಂದ ಬಂದಿದೆ. ಬೇಡ ಅನ್ನೋದು ಹೇಗೆ?

ಜೇನಿನ ವಿಷಯದಲ್ಲಿ ರಾಜಿ ಇಲ್ಲ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಒಂದು ಬಗೆಯ ರೋಗಾಣುವಿನ ಬೀಜ ಇರುತ್ತದೆ. ದೊಡ್ಡವರ ಹೊಟ್ಟೆಯಲ್ಲಿ ಅದು ಏನೂ ಮಾಡುವುದಿಲ್ಲ. ಎಳೆ ಹೊಟ್ಟೆಯಲ್ಲಿ ಮೊಳೆತು ವಿಷ ಮಾಡುತ್ತದೆ. ಮಗು ಕೈಕಾಲು ಸೋತು, ಉಸಿರಾಡಲೂ ಕಷ್ಟಪಡುತ್ತದೆ. ಇದು ಅಪರೂಪ, ಆದರೆ ಬಂದರೆ ದೊಡ್ಡದು.

ಬಜೆ, ಜಾಯಿಕಾಯಿ, ಹರಳೆಣ್ಣೆ, ಗ್ರೈಪ್ ವಾಟರ್, ಸಕ್ಕರೆ ನೀರು ಇವೂ ಆರು ತಿಂಗಳವರೆಗೆ ಬೇಡ. ತೇಯುವ ಕಲ್ಲು, ಬೆರಳು, ನೀರು ಎಲ್ಲದರಿಂದಲೂ ಸೋಂಕು ಹೋಗುತ್ತದೆ. ಆದರೆ ಅಜ್ಜಿಯ ಕೈಯಿಂದ ಕಲ್ಲು ಕಿತ್ತುಕೊಂಡರೆ ಆಕೆಗೆ ಮನೆಯಲ್ಲಿ ಕೆಲಸವೇ ಇಲ್ಲದಂತೆ ಅನಿಸುತ್ತದೆ. ಅದನ್ನು ನಾವು ಮರೆಯುತ್ತೇವೆ. ಎಣ್ಣೆ ನೀರು ಹಾಕುವುದು, ಮಗುವನ್ನು ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಳ್ಳುವುದು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಬಡಿಸುವುದು ಅವರದೇ ಅಂತ ಒಪ್ಪಿಸಿ. ಮುಂದೆ ರಾಗಿ ಹುರಿಯುವುದೂ ಅವರಿಗೇ.

ಬೇಸಿಗೆಯಲ್ಲಾದರೂ ಎರಡು ಚಮಚ ನೀರು ಕೊಡಬಹುದಾ?

ಬೇಡ. ಎದೆಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ. ಪಾವಗಡದ ಬಿಸಿಲಲ್ಲೂ ಅಷ್ಟು ಸಾಕು. ಸೆಕೆ ಜಾಸ್ತಿ ಆದರೆ ಹಾಲನ್ನೇ ಇನ್ನೆರಡು ಸಲ ಕುಡಿಸಿ. ನೀರು ಬೇಕಾಗಿರುವುದು ತಾಯಿಗೆ. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ ಅನ್ನುವ ಮಾತು ಬಿಡಿಸಿ.

ಹಾಲು ಸಾಲುತ್ತಿಲ್ಲ, ಮಗು ಅಳ್ತಾನೇ ಇರುತ್ತೆ. ಡಬ್ಬಿ ಹಾಲು ಶುರು ಮಾಡಲಾ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೇಳಿದ ಪ್ರಶ್ನೆ ಇದು. ಕೇಳುವವಳು ಸಾಮಾನ್ಯವಾಗಿ ತಾಯಿಯೇ ಅಲ್ಲ, ಪಕ್ಕದಲ್ಲಿ ಕೂತವರು.

ಮಗು ಅತ್ತರೆ ಹಸಿವೇ ಅಂತ ಇಲ್ಲ. ಸೆಕೆಯಾಗಿರಬಹುದು, ಬಟ್ಟೆ ಒದ್ದೆಯಾಗಿರಬಹುದು, ಸುಮ್ನೆ ಎತ್ತಿಕೊಳ್ಳಲಿ ಅಂತ ಇರಬಹುದು. ಹಾಲು ಸಾಲುತ್ತಿದೆಯಾ ಅಂತ ನೋಡಲು ಎರಡೇ ಲೆಕ್ಕ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ತಿಂಗಳು ತಿಂಗಳು ತೂಕ ಏರಬೇಕು. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು ಆಗುತ್ತದೆ. ಇವೆರಡೂ ಸರಿ ಇದ್ದರೆ ಹಾಲು ಸಾಕು, ಯಾರು ಏನೇ ಅಂದರೂ.

ಸರಿ ಇಲ್ಲದಿದ್ದರೆ ಮೊದಲು ಮಗು ಎದೆ ಹಿಡಿದಿರುವ ರೀತಿ ನೋಡಿ. ತೊಟ್ಟನ್ನಷ್ಟೇ ಕಚ್ಚಿಕೊಂಡಿದ್ದರೆ ಹಾಲು ಬರುವುದಿಲ್ಲ, ತೊಟ್ಟು ಬಿರಿಯುತ್ತದೆ, ತಾಯಿಗೆ ಜೀವ ಹೋಗುವಷ್ಟು ನೋವು. ಬಾಯಿ ಆಕಳಿಸಿದಷ್ಟು ಅಗಲ ತೆರೆದಿರಬೇಕು. ತೊಟ್ಟಿನ ಸುತ್ತ ಇರುವ ಕಪ್ಪು ಭಾಗದ ಹೆಚ್ಚಿನ ಪಾಲು ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ಮಗುವಿನ ತಲೆ ಮಾತ್ರ ತಿರುಗಿಸದೆ ಇಡೀ ಮೈಯನ್ನು ತಾಯಿ ಕಡೆ ತಿರುಗಿಸಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಎರಡು ದಿನದಲ್ಲಿ ಸರಿ ಹೋಗಿದೆ.

ಎದೆಹಾಲು ಬಾವಿಯ ಸೆಲೆ ಇದ್ದ ಹಾಗೆ. ಸೇದಿದಷ್ಟೂ ಊರುತ್ತದೆ. ಡಬ್ಬಿ ಹಾಲು ಒಂದು ಸಲ ಕೊಟ್ಟರೆ ಮಗು ಒಂದು ಸಲ ಎದೆ ಬಿಟ್ಟಿತು, ಅಷ್ಟು ಹಾಲು ಕಮ್ಮಿಯಾಯಿತು. ಆಮೇಲೆ "ನೋಡಿ, ಹಾಲು ಸಾಲಲ್ಲ ಅಂತ ಹೇಳಿರಲಿಲ್ವಾ" ಅನ್ನುವ ಮಾತು ನಿಜವೇ ಆಗಿಬಿಡುತ್ತದೆ. ರಾತ್ರಿ ಕುಡಿಸುವುದನ್ನು ತಪ್ಪಿಸಬಾರದು. ಡಬ್ಬಿ ಹಾಲು, ಸೀಸೆ, ಎರಡು ವರ್ಷದೊಳಗಿನ ಮಕ್ಕಳ ಆಹಾರ ಇವುಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು, 2003ರ ತಿದ್ದುಪಡಿ ನಿಷೇಧಿಸಿವೆ. ಯಾರಾದರೂ ಪುಕ್ಕಟೆ ಡಬ್ಬಿ ಕೊಟ್ಟರೆ ಅದು ದಾನ ಅಲ್ಲ. ವೈದ್ಯರು ಕಾರಣ ಹೇಳಿ ಬರೆದುಕೊಟ್ಟರೆ ಆ ಮಾತು ಬೇರೆ.

ಇನ್ನು ಬಾಣಂತಿ ಪಥ್ಯ. ಬರೀ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಮೊದಲು ಸೊರಗುವುದು ತಾಯಿ. ಮೊದಲ ಆರು ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಊಟ. ಸೊಪ್ಪು, ಬೇಳೆ, ಮೊಟ್ಟೆ, ಮುದ್ದೆ ಎಲ್ಲವನ್ನೂ ತಿನ್ನಲಿ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಂದಿದ್ದು ಇದಕ್ಕೇ. ಅದನ್ನು ಮನೆಯ ಊಟದ ಬದಲಿಗೆ ಅಂತ ಲೆಕ್ಕ ಹಾಕಬೇಡಿ.

ಮೂರು ತಿಂಗಳಿಗೇ ಕೂಲಿಗೆ ಹೋಗಬೇಕು. ಏನು ಮಾಡಲಿ?

ಇಲ್ಲಿ ಉಪದೇಶ ಹೇಳಲು ನನಗೆ ನಾಚಿಕೆ ಆಗುತ್ತದೆ. ಹೊಟ್ಟೆಪಾಡು. ಆದರೂ ದಾರಿ ಇದೆ. ಹೋಗುವ ಮುಂಚೆ ಒಂದು ಸಲ ಕುಡಿಸಿ, ಬಂದ ಕೂಡಲೇ ಒಂದು ಸಲ, ರಾತ್ರಿ ಕೇಳಿದಾಗೆಲ್ಲ. ನಡುವಿನ ಹೊತ್ತಿಗೆ ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ, ಮುಚ್ಚಿ, ಮನೆಯ ತಂಪಾದ ಜಾಗದಲ್ಲಿ ಇಡಿ. ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಕುಡಿಸುವುದು ಒಳಲೆಯಲ್ಲಿ, ಇಲ್ಲದಿದ್ದರೆ ಬಟ್ಟಲು ಚಮಚದಲ್ಲಿ. ಮಗುವನ್ನು ಅಡ್ಡ ಮಲಗಿಸಿ ಬಾಯಿಗೆ ಸುರಿಯಬಾರದು. ತಲೆ ಎತ್ತಿ ಹಿಡಿದು, ಅದು ನುಂಗಿದಂತೆಲ್ಲ ಕೊಡಬೇಕು. ನಿಪ್ಪಲ್ ಸೀಸೆ ಬೇಡವೇ ಬೇಡ. ಅದರ ಮೂಲೆಯಲ್ಲಿ ಉಳಿದ ಹಾಲು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಭೇದಿಯ ತವರುಮನೆ ಅದು.

ಮಗು ಸ್ವಲ್ಪ ದೊಡ್ಡದಾದ ಮೇಲೆ, ನಿಮ್ಮ ಪಂಚಾಯಿತಿಯಲ್ಲಿ ಕೂಲಿಗೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ ಇದೆಯಾ ಅಂತ ವಿಚಾರಿಸಿ.

ಅನ್ನ ತಿನ್ನಿಸುವ ಶಾಸ್ತ್ರ ಎಂಟನೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಪರವಾಗಿಲ್ವಾ?

ಶಾಸ್ತ್ರ ಆದಾಗ ಆಗಲಿ, ಹೊಟ್ಟೆ ಕಾಯುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಒಂದೇ ಸಾಲುವುದಿಲ್ಲ. ಹುಟ್ಟುವಾಗ ಮಗು ತಾಯಿಯಿಂದ ತಂದ ಕಬ್ಬಿಣದ ಗಂಟೂ ಆ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಒಂದು ಮನೆಯಲ್ಲಿ ಮನೆದೇವರ ಜಾತ್ರೆಗೆ ಕಾಯುತ್ತಿದ್ದರು. ಮಗುವಿಗೆ ಒಂಬತ್ತು ತಿಂಗಳು, ತೂಕ ಮೂರು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಅನ್ನ ಅಲ್ಲದಿದ್ದರೆ ರಾಗಿ ಸರಿ ಕೊಡಬಹುದಾ ಅಂತ ಮನೆಯ ಹಿರಿಯರನ್ನೇ ಕೇಳಿದೆ. ರಾಗಿಗೆ ಶಾಸ್ತ್ರ ಅಡ್ಡ ಬರಲಿಲ್ಲ!

ಆರು ತಿಂಗಳಿಗಿಂತ ಮುಂಚೆಯೂ ಬೇಡ. ಆಸರೆ ಕೊಟ್ಟರೆ ಕೂರಬೇಕು, ಕತ್ತು ನಿಲ್ಲಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿರಬೇಕು.

ಮೊದಲು ಬೇಳೆ ಕಟ್ಟು, ಗಂಜಿ ತಿಳಿ ಕೊಡ್ತೀವಿ. ಹಲ್ಲಿಲ್ಲದ ಮಗು ಗಟ್ಟಿ ಹೇಗೆ ತಿನ್ನುತ್ತೆ?

ಎಲ್ಲಾ ಎಡವಟ್ಟು ಇಲ್ಲೇ ಆಗುವುದು. ಹಳ್ಳಿ ಮನೆಯಲ್ಲಿ ಮಗುವಿಗೆ ಬೇಕಾದ ಸಾಮಾನು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ನಾವು ಅದಕ್ಕೆ ನೀರು ಸುರಿದು ಕೆಡಿಸುತ್ತೇವೆ.

ಎಂಟು ತಿಂಗಳ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 200 ಎಂ.ಎಲ್., ಒಂದು ಲೋಟ. ಆ ಲೋಟ ತುಂಬಾ ಬೇಳೆ ಕಟ್ಟು ಹೋದರೆ ಹೊಟ್ಟೆ ತುಂಬಿತು, ಮೈಗೆ ಏನೂ ಹತ್ತಲಿಲ್ಲ. ಬೇಳೆಯ ಸತ್ವ ಇರುವುದು ಕೆಳಗೆ ಉಳಿದ ಬೇಳೆಯಲ್ಲಿ.

ಇದನ್ನು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ತೋರಿಸಬೇಕು. ನಾನು ಎರಡು ಸ್ಟೀಲ್ ತಟ್ಟೆ ಕೇಳುತ್ತೇನೆ. ಒಂದರಲ್ಲಿ ಆ ಮನೆಯವರು ದಿನಾ ಮಾಡುವ ಸರಿ, ಇನ್ನೊಂದರಲ್ಲಿ ಗಟ್ಟಿಯದು. ತಟ್ಟೆ ಓರೆ ಮಾಡಿದರೆ ಮೊದಲನೆಯದು ಮೋರಿ ನೀರಿನಂತೆ ಓಡುತ್ತದೆ. ಎರಡನೆಯದು ಮೆಲ್ಲಗೆ ಜರುಗಿ ನಿಲ್ಲುತ್ತದೆ. ಒಂದು ಸಲ ಒಬ್ಬ ಅಜ್ಜಿ ಬೆರಳಲ್ಲಿ ಒತ್ತಿ ನೋಡಿ, "ಇದು ನಿಂತೇಬಿಟ್ಟೈತಲ್ಲಮ್ಮ, ಗಂಟಲಿಗೆ ಸಿಕ್ಕಾಕ್ಕಳಲ್ವಾ?" ಅಂದರು. ಅವರ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಒಂದು ಚಮಚ ಅವರಿಗೇ ಕೊಟ್ಟೆ. ಒಸಡಲ್ಲೇ ನಾಲ್ಕು ಸಲ ಮೆಲುಕು ಹಾಕಿ ನುಂಗಿದರು. "ನನಗೇ ಇಳೀತು, ಕೂಸಿಗೆ ಇಳಿಯಲ್ವಾ?" ಅಂತ ಅವರೇ ಸೊಸೆಗೆ ಹೇಳಿದರು. ಅಂದಿನಿಂದ ಹಲ್ಲಿಲ್ಲದ ಅಜ್ಜಿ ಇರುವ ಮನೆ ಅಂದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ.

ಚಮಚ ವಾಲಿಸಿದರೆ ಸುರಿಯಬಾರದು, ಇದೇ ಹದ. ಮೃದುವಾಗಿರಲಿ, ಗಂಟಿಲ್ಲದಿರಲಿ. ಅನ್ನ ಬೇಳೆ ಆದರೆ ಚೆನ್ನಾಗಿ ಕಿವುಚಿ, ಒಂದು ಚಿಕ್ಕ ಚಮಚ ತುಪ್ಪ ಇಲ್ಲವೇ ಎಣ್ಣೆ ಹಾಕಿ. ಮಿಕ್ಸಿ ಬೇಡ, ಕೈ ಸಾಕು. ಎಂಟು ಒಂಬತ್ತು ತಿಂಗಳಿಗೆ ಸ್ವಲ್ಪ ತರಿತರಿ ಇರಲಿ. ಒಂದು ವರ್ಷಕ್ಕೆ ಮನೆಮಂದಿ ತಿನ್ನುವುದನ್ನೇ ಖಾರ ಹಾಕುವ ಮುಂಚೆ ಎತ್ತಿಟ್ಟು ಕೊಟ್ಟರೆ ಆಯಿತು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಸೇರಿಸುವುದು ಬೇಡ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ.

ರಾಗಿ ಸರಿ ಹಿಟ್ಟು ಮಾಡುವ ಸರಿಯಾದ ಕ್ರಮ ಯಾವುದು? ಮೊಳಕೆ ಕಟ್ಟಲೇಬೇಕಾ?

ಕಟ್ಟಿದರೆ ಒಳ್ಳೆಯದು, ಕಾರಣ ಇದೆ. ಸಾದಾ ರಾಗಿ ಹಿಟ್ಟು ಬೇಯುವಾಗ ನೀರು ಕುಡಿದು ಊದಿಕೊಳ್ಳುತ್ತದೆ. ಮಗು ನುಂಗಲಿ ಅಂತ ಇನ್ನಷ್ಟು ನೀರು ಹಾಕುತ್ತೇವೆ, ಹಿಟ್ಟು ಕಮ್ಮಿಯಾಗುತ್ತದೆ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿರುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ, ಆದರೂ ಸರಿ ಮೆತ್ತಗಿರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ಮಾಡಿ ಇದನ್ನು ತೋರಿಸಿದ್ದರು.

ರಾಗಿ ಕಲ್ಲು ಹೊಟ್ಟು ತೆಗೆದು, ತೊಳೆದು, ರಾತ್ರಿಯಿಡೀ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ ಎರಡು ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ. ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಂ ಅನ್ನುವಷ್ಟು ಮಾತ್ರ ಬೆಚ್ಚಗೆ ಹುರಿಯಿರಿ. ಕೆಂಪಗೆ ಹುರಿದರೆ ಮೊಳಕೆಯ ಗುಣ ಸುಟ್ಟುಹೋಗುತ್ತದೆ. ಎರಡು ಪಾವು ರಾಗಿಗೆ ಒಂದು ಪಾವು ಹುರಿದ ಹೆಸರುಬೇಳೆ ಸೇರಿಸಿ ಬೀಸಿಸಿ. ಹುರಿಗಡಲೆಯೂ ಆದೀತು. ಮಿಲ್ಲಿಗೆ ಹೋದಾಗ ನಿಮಗಿಂತ ಮುಂಚೆ ಯಾರಾದರೂ ಮೆಣಸಿನಪುಡಿ ಬೀಸಿಸಿದ್ದಾರಾ ಅಂತ ಕೇಳಿ! ನಮ್ಮಲ್ಲಿ ಒಂದು ಮಗು ಸರಿ ಕಂಡರೆ ಓಡಿಹೋಗುತ್ತಿದ್ದದ್ದು ಇದಕ್ಕೇ. ಮನೆಯವರು ವಾರಗಟ್ಟಲೆ ದೃಷ್ಟಿ ತೆಗೆದಿದ್ದರು.

ರಾಗಿ ಒಂದೇ ಸಾಲದು. ಅದರಲ್ಲಿ ಸುಣ್ಣದ ಅಂಶ ಬೇಕಾದಷ್ಟಿದೆ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ. ಆದರೆ ಅದರ ಕಬ್ಬಿಣ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಬೇಳೆ, ಸೊಪ್ಪು, ಮೊಟ್ಟೆ ಜೊತೆಗೆ ಬೇಕೇ ಬೇಕು.

ದಿನಕ್ಕೆ ಎಷ್ಟು ಸಲ, ಎಷ್ಟು?

ಒಂದು 250 ಎಂ.ಎಲ್. ಬಟ್ಟಲು ಇಟ್ಟುಕೊಳ್ಳಿ. ಆರು ತಿಂಗಳಿಗೆ ಎರಡು ಮೂರು ದೊಡ್ಡ ಚಮಚದಿಂದ ಶುರು, ದಿನಕ್ಕೆ ಎರಡು ಮೂರು ಸಲ. ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲಿಗೆ ಬರಲಿ. ಒಂಬತ್ತರಿಂದ ಹನ್ನೊಂದು ತಿಂಗಳು ಅರ್ಧ ಬಟ್ಟಲು, ಮೂರು ನಾಲ್ಕು ಸಲ. ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮೂರು ನಾಲ್ಕು ಸಲ. ಒಂಬತ್ತು ತಿಂಗಳಿಂದ ಮಧ್ಯೆ ಮಧ್ಯೆ ಬಾಳೆಹಣ್ಣು, ಬೇಯಿಸಿದ ಗೆಣಸು, ಪರಂಗಿ ಹಣ್ಣಿನಂಥದ್ದು. ಎದೆಹಾಲು ಎಲ್ಲದರ ಜೊತೆಗೂ ಇರಲಿ.

ಮೊಟ್ಟೆ, ಮಾಂಸ ಉಷ್ಣ ಅಲ್ವಾ? ಯಾವಾಗ ಕೊಡಬಹುದು?

ಆರು ತಿಂಗಳಿಂದಲೇ. ಮೊಟ್ಟೆ ಪೂರ್ತಿ ಬೇಯಿಸಿ, ಕಿವುಚಿ ಕೊಡಿ. ಮಾಂಸ, ಮೀನು ಮೆತ್ತಗೆ ಬೇಯಿಸಿ, ಮೂಳೆ, ಮುಳ್ಳು ತೆಗೆದು. ಕೋಳಿ ಸಾರು ಮಾಡಿದ ದಿನ ಮಗುವಿಗೆ ಬರೀ ರಸ ಕೊಟ್ಟು ತುಂಡು ದೊಡ್ಡವರು ತಿನ್ನುವುದು ಬೇಳೆ ಕಟ್ಟಿನ ಕಥೆಯೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತ ಕಮ್ಮಿ ಇತ್ತು. ಮೊಟ್ಟೆ, ಮಾಂಸ ತಿನ್ನದ ಮನೆಯವರು ಬೇಳೆಕಾಳು, ಸೊಪ್ಪು ಹೆಚ್ಚಿಸಿ, ಬೆಂದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಕಬ್ಬಿಣ ಮೈಗೆ ಹತ್ತಲು ಅದು ಸಹಾಯ. ಆಶಾ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಎಂ.ಎಲ್. ಹಾಕಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಕಡಲೆಕಾಯಿ ಪುಡಿ ಮಾಡಿ ಸರಿಗೆ ಬೆರೆಸಿ. ಇಡೀ ಬೀಜ ಮಾತ್ರ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಚಹಾದಲ್ಲಿ ಬಿಸ್ಕೆಟ್ ಅದ್ದಿ ಕೊಟ್ಟರೆ ತಿನ್ನುತ್ತೆ, ಬೇರೆ ಏನೂ ಬೇಡ ಅನ್ನುತ್ತೆ.

ತಿನ್ನದೆ ಏನು, ಸಕ್ಕರೆ ಅಲ್ವಾ! ಚಹಾ ಊಟದ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಪೆಟ್ಟಿಗೆ ಅಂಗಡಿಯ ಪ್ಯಾಕೆಟ್ಟೂ ಅಷ್ಟೇ, ಹಸಿವನ್ನು ಕೊಲ್ಲುತ್ತದೆ. ತರುವುದು ಹೆಚ್ಚಾಗಿ ತಾತ. ಸಂಜೆ ಪೇಟೆಯಿಂದ ಬರಿಗೈಲಿ ಬರುವುದು ಹೇಗೆ ಅನ್ನುವ ಪ್ರೀತಿ. ಅದೇ ದುಡ್ಡಿಗೆ ಒಂದು ಮೊಟ್ಟೆ, ಎರಡು ಬಾಳೆಹಣ್ಣು ತನ್ನಿ ಅಂತ ತಾತನಿಗೇ ಹೇಳಿ. ಸೊಸೆ ಹೇಳಿದರೆ ನಡೆಯದು.

ಬಾಯೇ ಬಿಡಲ್ಲ. ಮೂಗು ಹಿಡಿದು ತಿನ್ನಿಸಬೇಕಾಗುತ್ತೆ.

ಹಾಗೆ ಮಾಡಿದರೆ ಊಟ ಅಂದರೆ ಜಗಳ ಅಂತ ಮಗು ಕಲಿಯುತ್ತದೆ. ಹೊಸ ರುಚಿಗೆ ಎಂಟು ಹತ್ತು ಸಲವಾದರೂ ಅವಕಾಶ ಕೊಡಬೇಕು. ಎದುರು ಕೂತು, ಮುಖ ನೋಡಿ, ಮಾತಾಡಿಸುತ್ತಾ ತಿನ್ನಿಸಿ. ಮೊಬೈಲ್ ಬೇಡ. ಮಗುವಿಗೆ ಬೇರೆ ತಟ್ಟೆ ಇಡಿ, ಆಗ ಎಷ್ಟು ತಿಂತು ಅನ್ನುವುದು ಗೊತ್ತಾಗುತ್ತದೆ. ತಾನೇ ಕೈ ಹಾಕಿ ಮೈಗೆಲ್ಲಾ ಬಳಿದುಕೊಳ್ಳಲಿ, ಸೀರೆ ತೊಳೆದರೆ ಹೋಗುತ್ತದೆ.

ಭೇದಿ ಆದಾಗ ಊಟ ನಿಲ್ಲಿಸಬೇಕಾ?

ಬೇಡ. ಎದೆಹಾಲು, ಊಟ ಎರಡೂ ನಡೆಯಲಿ. ಸ್ವಲ್ಪ ಸ್ವಲ್ಪವಾಗಿ, ಜಾಸ್ತಿ ಸಲ. ಪ್ರತಿ ಭೇದಿಗೂ ಓಆರ್‌ಎಸ್ ಚಮಚದಲ್ಲಿ ಕುಡಿಸಿ. ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಮುಗಿಸಿ. ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯದೆ ಮಂಕಾಗಿ ಬಿದ್ದಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ.

ನಮ್ಮ ವಂಶವೇ ಸಣ್ಣಗೆ. ತೂಕ ಯಾಕೆ ನೋಡಬೇಕು?

ವಂಶ ಸಣ್ಣಗಿದ್ದರೂ ಗೆರೆ ಮೇಲಕ್ಕೆ ಹೋಗಬೇಕು. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಎರಡು ತಿಂಗಳು ನೆಲಕ್ಕೆ ಮಲಗಿದರೆ ವಿಚಾರಿಸಿ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ, ಎರಡೂ ಪಾದ ಊದಿದ್ದರೆ ಕಾಯಬೇಡಿ. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕಾದ ಮಗು ಅದು.

ಹಾಲು ಯಾವಾಗ ಬಿಡಿಸಬೇಕು?

ಎರಡು ವರ್ಷ ತುಂಬುವವರೆಗೆ ಕುಡಿಯಲಿ, ಆಮೇಲೂ ಅವರಿಷ್ಟ. ಮತ್ತೆ ಬಸುರಿಯಾದರೆ ಹಾಲು ವಿಷವಾಗುವುದಿಲ್ಲ. ಬೇವು ಹಚ್ಚಿ ಒಂದೇ ದಿನ ಬಿಡಿಸುವುದಕ್ಕಿಂತ ಒಂದೊಂದೇ ಹೊತ್ತು ಕಮ್ಮಿ ಮಾಡಿ.

ಅಂಗನವಾಡಿ ಪುಷ್ಟಿ ಪುಡಿ ಮಗು ತಿನ್ನಲ್ಲ. ಏನು ಮಾಡೋದು?

ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೆ ಕೊಡುವ ಪೂರಕ ಆಹಾರ ಅದು. ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಲೆಕ್ಕ. ಒಂದು ಮನೆಯಲ್ಲಿ ಕೇಳಿದಾಗ ಯಜಮಾನರು ಮುಚ್ಚುಮರೆ ಇಲ್ಲದೆ ಹೇಳಿದರು, "ಎಮ್ಮೆಗೆ ಹಾಕಿದ್ವಿ ಕಣಮ್ಮ, ಹಾಲು ಚೆನ್ನಾಗಿ ಕೊಡ್ತು." ನಕ್ಕುಬಿಟ್ಟೆ, ಏನು ಹೇಳಲಿ? ಅಂದೇ ಅವರ ಒಲೆ ಮೇಲೆ ಆ ಪುಡಿಯನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಗಟ್ಟಿಯಾಗಿ ಬೇಯಿಸಿ, ಅರ್ಧ ಬಾಳೆಹಣ್ಣು ಕಿವುಚಿ ಹಾಕಿದೆವು. ಮಗು ಬಟ್ಟಲು ಖಾಲಿ ಮಾಡಿತು. ಆಮೇಲೆ ಒಂದು ಹಳೆ ಡಬ್ಬಿ ತೊಳೆದು, ಒಣಗಿಸಿ, ಪುಡಿ ತುಂಬಿ, ಮುಚ್ಚಳದ ಮೇಲೆ ಮಗುವಿನ ಹೆಸರು ಬರೆದು ಮೇಲಿನ ಗೂಡಿನಲ್ಲಿಟ್ಟರು. ಎಮ್ಮೆಗೆ ಹಿಂಡಿ ಬೇರೆ ತರುತ್ತಾರಂತೆ.